ಲಾ ಪಾಜ್‌ಗೆ ಹೊರಟ ಹಲಸಿನ ಹಪ್ಪಳ

ಗೆಳೆಯರೇ, ಏಳು ಕಿಲೋ ಅಂದರೆ ಏಳೇ ಕಿಲೋ ಎಂದು ಯಾರಾದರೂ ನಮ್ಮ ವಸಂತಿ ಅಕ್ಕನಿಗೆ ಹೇಳಿ. ನನಗೆ ಹೇಳಿ ಹೇಳಿ ಸಾಕಾಗಿದೆ.

ನಾಳೆ ಬೊಲಿವಿಯಾದ ಲಾ ಪಾಜ್‌ಗೆ ಹೊರಟಿದ್ದೇನೆ. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರ್ ಎತ್ತರದ ಊರು, ಅಲ್ಲೀಗ ಕೊರೆಯುವ ಚಳಿ. ನನ್ನದು ಎಲ್ಲಕ್ಕಿಂತ ಅಗ್ಗದ ಟಿಕೆಟ್. ಬ್ಯಾಗು ಏಳು ಕಿಲೋ ಮೀರುವಂತಿಲ್ಲ. ದಪ್ಪ ಜಾಕೆಟ್ ತುರುಕಿ, ಮೂರು ಸಲ ತೂಗಿ, ಜಿಪ್ ಎಳೆದದ್ದೇ ತಡ, ಬಾಗಿಲ ಬೆಲ್ ಸದ್ದಾಯಿತು. ದುಬೈನ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ನಮ್ಮ ಬಿಲ್ಡಿಂಗಿನ ಕೆಳಮನೆಯ ವಸಂತಿ ಅಕ್ಕ. ಕೈಯಲ್ಲಿ ಟೇಪ್ ಸುತ್ತಿದ ಪಾರ್ಸೆಲ್.

"ತಮ್ಮನ ಮಗ ಬ್ರೆಜಿಲಲ್ಲಿ ಇದ್ದಾನಲ್ಲ, ಅವನಿಗೆ. ಬರೀ ಹಲಸಿನ ಹಪ್ಪಳ, ಮೀನಿನ ಮಸಾಲೆ ಪುಡಿ."

"ಅಕ್ಕಾ, ನಾನು ಹೋಗುದು ಬೊಲಿವಿಯಾಕ್ಕೆ!"

"ಪಕ್ಕದಲ್ಲೇ ಅಲ್ವಾ? ನೀನು ಮುಟ್ಟಿದ ಮೇಲೆ ಫೋನ್ ಮಾಡು, ಬಂದು ತಕ್ಕೊಂಡು ಹೋಗ್ತಾನೆ. ನಾವು ಶನಿವಾರ ಅಬುಧಾಬಿಗೆ ಹೋಗಿ ಬರುದಿಲ್ವಾ?"

"ಅಲ್ಲಿ ಉಸಿರಾಡ್ಲಿಕ್ಕೇ ಕಷ್ಟ ಅಕ್ಕಾ, ಭಾರ ಹೊರ್ಲಿಕ್ಕೆ ಆಗುದಿಲ್ಲ."

"ಹಪ್ಪಳದ್ದು ಎಂತ ಭಾರ ಮಾರಾಯ!"

ತೂಗಿದೆ. ಎರಡು ಕಿಲೋ. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಕಳೆದ ರಜೆಯಲ್ಲಿ ನನ್ನ ಅಮ್ಮ ಉಡುಪಿಯಿಂದ ಕಳಿಸಿದ ಹತ್ತು ಕಿಲೋ ಕುಚ್ಚಲಕ್ಕಿಯನ್ನು, ತನ್ನ ಸೀರೆಗಳನ್ನು ಊರಲ್ಲೇ ಬಿಟ್ಟು ಹೊತ್ತು ತಂದದ್ದು ಇದೇ ಅಕ್ಕ. ಜಾಕೆಟ್ ಹೊರಗೆ ತೆಗೆದು ಪಾರ್ಸೆಲ್ ಒಳಗಿಟ್ಟೆ.

ಹಾಗಾಗಿ ನಾಳೆ ಮಧ್ಯಾಹ್ನ, ಈ ಸುಡುಬಿಸಿಲಲ್ಲಿ, ದುಬೈ ಮೆಟ್ರೋದಲ್ಲಿ ದಪ್ಪ ಜಾಕೆಟ್ ತೊಟ್ಟು ಬೆವರುತ್ತ ನಿಂತವನು ಕಂಡರೆ ಅದು ನಾನೇ. ನಕ್ಕರೂ ಪರವಾಗಿಲ್ಲ. ಪಾರ್ಸೆಲ್ ಮಾತ್ರ ಕೊಡಬೇಡಿ.