ಹಿತ್ತಲ ಒಲೆಯ ಊಟ

ನಮ್ಮ ಮನೆಯಲ್ಲಿ ಮಾಂಸ ಬೇಯುವುದು ಹಿತ್ತಲ ಒಲೆಯ ಮೇಲೆ, ಅದೂ ಅಪರೂಪಕ್ಕೆ. ಅದಕ್ಕೆಂದೇ ಬೇರೆ ಗಡಿಗೆ, ಬೇರೆ ತಾಟು. ತಿಂದವರು ಸ್ನಾನ ಮಾಡದೆ ದೇವರ ಜಗಲಿ ಇರುವ ಒಳಮನೆಗೆ ಕಾಲಿಡುವಂತಿಲ್ಲ. ಸೋಮವಾರ, ಅಮಾವಾಸ್ಯೆ ಮತ್ತು ಇಡೀ ಶ್ರಾವಣ ಆ ಒಲೆಗೆ ಬೆಂಕಿಯೇ ಬೀಳುವುದಿಲ್ಲ. ಸೊಸೆಯಾಗಿ ಬಂದ ದಿನದಿಂದ ಇದನ್ನೆಲ್ಲ ಪಾಲಿಸಿಕೊಂಡು ಬಂದವಳು ನಾನು. ಅಂಥವಳು ಮೂರು ಹೊತ್ತೂ ಬರೀ ಮಾಂಸವನ್ನೇ ತಿನ್ನುತ್ತೇನೆಂದು ಹೊರಟೆ.

ಹೊರಡಲು ಕಾರಣ ನಮ್ಮವ್ವ. ಮಾಸೂರಿನಲ್ಲಿ ಹೊಲದ ಕೂಲಿ ಮಾಡಿ ನಮ್ಮನ್ನು ಸಾಕಿದ ಹೆಂಗಸು. ಸಕ್ಕರೆ ಕಾಯಿಲೆ ಮೊದಲು ಅವಳ ಒಂದು ಕಣ್ಣನ್ನು ತಿಂದಿತು, ಆಮೇಲೆ ಇನ್ನೊಂದನ್ನು. ಕೊನೆಗೆ ಬಚ್ಚಲಿಗೂ ಯಾರಾದರೂ ಕೈಹಿಡಿದು ಕರೆದೊಯ್ಯಬೇಕಾಯಿತು. ಅದರ ನಾಚಿಕೆ ಅವಳಿಗೆ ಸಾಯುವವರೆಗೂ ಹೋಗಲಿಲ್ಲ.

ಅದೇ ಕಾಯಿಲೆ ನನಗೂ ಬಂತು. ತಿಳವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಷೀನು ಇಟ್ಟುಕೊಂಡು ಹೆಂಗಸರ ಜಂಪರು ಹೊಲಿಯುತ್ತೇನೆ. ಕಣ್ಣು ಹೋದರೆ ನನ್ನ ಹತ್ತಿರ ಬೇರೆ ವಿದ್ಯೆ ಇಲ್ಲ. ಗುಳಿಗೆ ನುಂಗಿದರೂ ಸಕ್ಕರೆ ಇಳಿಯುತ್ತಿರಲಿಲ್ಲ, ಮೈಯಂತೂ ವರ್ಷ ವರ್ಷ ಏರುತ್ತಲೇ ಇತ್ತು. ಅಂಥ ಹೊತ್ತಿನಲ್ಲಿ ಫೋನಿನ ವಿಡಿಯೋದಲ್ಲಿ ಒಬ್ಬ ಬಂದ. ತೆಳ್ಳಗಿನ ಮೈ, ಹೊಳೆಯುವ ಮುಖ. ರೊಟ್ಟಿ, ಅನ್ನ, ಬೇಳೆ, ಹಣ್ಣು ಎಲ್ಲ ಬಿಟ್ಟು ಬರೀ ಮಾಂಸ, ಮೊಟ್ಟೆ ತಿನ್ನಿ, ಸಕ್ಕರೆ ತಾನಾಗಿ ಓಡಿಹೋಗುತ್ತದೆ ಎಂದ. ಒಂದು ತುತ್ತು ರೊಟ್ಟಿ ತಿಂದರೂ ಮಾಡಿದ್ದೆಲ್ಲ ನೀರುಪಾಲು ಎಂದು ಹೆದರಿಸಿದ ಕೂಡ. ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಹಳೆ ಜಂಪರು ಅಳತೆಗೆ ಕೊಟ್ಟವರನ್ನೂ ನಿಲ್ಲಿಸಿ ಮತ್ತೊಮ್ಮೆ ಟೇಪು ಹಿಡಿಯುತ್ತೇನೆ. ಅವನನ್ನು ಮಾತ್ರ ಕಣ್ಣುಮುಚ್ಚಿ ನಂಬಿದೆ. ಹೆದರಿಕೆ ಹಾಗೆ ಮಾಡಿಸುತ್ತದೆ.

ಅತ್ತೆ ಬೈಯುತ್ತಾರೆಂದುಕೊಂಡಿದ್ದೆ. ಅವ್ವನ ಪಾಡನ್ನು ಅವರೂ ಕಂಡಿದ್ದರು, ಬೈಯಲಿಲ್ಲ.

"ಸ್ವಾಮಾರ ಒಂದ ಬಿಡವಾ. ಉಳಿದ ದಿನ ಏನರ ತಿನ್ನು, ಕಣ್ಣ ಉಳಿಸ್ಕೊ," ಎಂದರು.

ಹೀಗೆ ನನ್ನ ಊಟ ಹಿತ್ತಲಿಗೆ ಹೋಯಿತು. ಮನೆಯವರು ಗೋವಿನಜೋಳದ ಲಾರಿ ಓಡಿಸುತ್ತಾರೆ. ಹಾನಗಲ್ಲಿಗೋ ಸವಣೂರಿಗೋ ಹೋದಾಗ ಮಟನ್ ತರುತ್ತಿದ್ದರು, ಇಲ್ಲದ ದಿನ ಊರಿನ ಕೋಳಿ ಅಂಗಡಿಯೇ ಗತಿ. ಮೊದಮೊದಲು ದಿನವೂ ಹಬ್ಬ. ಬರಬರುತ್ತ ಗಡಿಗೆಯ ಮುಚ್ಚಳ ತೆಗೆಯುವಾಗ ಮುಖ ಆಚೆ ತಿರುಗಿಸತೊಡಗಿದೆ. ಒಳಗೆ ಅತ್ತೆ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ನಾನು ಮಣೆಯ ಮೇಲೆ ಕುಳಿತು ತುಂಡು ಜಗಿಯುವುದು. ಎಣ್ಣೆಗಾಯಿ ಬದನೆಕಾಯಿಯ ವಾಸನೆ ಬಂದರೆ ನಿಜವಾಗಿಯೂ ಅಳು ಬರುತ್ತಿತ್ತು. ತಿನ್ನುವ ಆಸೆಯಾದರೂ ಹೇಗೋ ತಡೆಯಬಹುದು, ತಾಯಿ ಮಗ ಮಾತಾಡುತ್ತ ಉಣ್ಣುವುದನ್ನು ಹೊರಗಿನಿಂದ ಕೇಳುವುದು ಬಲು ಕಷ್ಟ. ಊಟಕ್ಕೊಂದು ಸ್ನಾನ ಮಾಡಲಾಗದೆ ಒಳಮನೆಗೆ ಹೋಗುವುದನ್ನೇ ಬಿಟ್ಟೆ. ನನ್ನ ಮನೆಯಲ್ಲಿ ನಾನೇ ಹೊರಗಿನವಳಾದೆ.

ಆದರೆ ಸಕ್ಕರೆ ಇಳಿಯಿತು. ಸುಳ್ಳೇಕೆ ಹೇಳಲಿ, ಸರಸರ ಇಳಿಯಿತು. ಮೈಯೂ ಕರಗಿತು, ನನ್ನ ಜಂಪರುಗಳನ್ನು ಬಿಚ್ಚಿ ಮತ್ತೆ ಬಿಗಿ ಹಿಡಿದು ಹೊಲಿದುಕೊಂಡೆ. ಏನು ಮಾಡಿದಿರಿ ಎಂದು ಗಿರಾಕಿಗಳು ಕೇಳಿದರೆ ಬಾಯಿತುಂಬ ಹೇಳುತ್ತಿದ್ದೆ. ಗುಳಿಗೆ ಕೊಡುತ್ತಿದ್ದ ಶಿಗ್ಗಾಂವದ ಡಾಕ್ಟರಿಗೆ ಮಾತ್ರ ಹೇಳಲಿಲ್ಲ. ಬಿಡಿಸಿಬಿಟ್ಟಾರು ಎಂಬ ಭಯ.

ಸೋಮವಾರಕ್ಕೆ ನಾನೇ ಒಂದು ದಾರಿ ಹುಡುಕಿದ್ದೆ. ಮಾಂಸ ತಿಂದರೆ ಅತ್ತೆಗೆ ಕೊಟ್ಟ ಮಾತು ತಪ್ಪುತ್ತದೆ, ರೊಟ್ಟಿ ತಿಂದರೆ ಫೋನಿನವನ ಕಟ್ಟಳೆ ಮುರಿಯುತ್ತದೆ. ಹಾಗಾಗಿ ಅಂದು ಏನೂ ತಿನ್ನುತ್ತಿರಲಿಲ್ಲ. ಉಪವಾಸವೆಂದರೆ ನಮ್ಮ ಕಡೆಯ ಹೆಂಗಸರಿಗೆ ಹೊಸದೇ? ಗುಳಿಗೆ ಒಂದು ದಿನವೂ ತಪ್ಪಿಸಬಾರದೆಂದು ಡಾಕ್ಟರು ಹೇಳಿದ್ದರಲ್ಲ, ಅದನ್ನು ಬರಿಹೊಟ್ಟೆಗೆ ನುಂಗಿ ಮಷೀನಿಗೆ ಕೂರುತ್ತಿದ್ದೆ. ಮೂವರ ಮಾತನ್ನೂ ನಡೆಸಿದೆನೆಂಬ ಸಮಾಧಾನ ಬೇರೆ. ಅಂಥದೊಂದು ಸೋಮವಾರ ಕೈ ನಡುಗಿತು, ಮೈ ತಣ್ಣಗೆ ಬೆವರಿತು, ಕಣ್ಣಿಗೆ ಕತ್ತಲೆ ಕಟ್ಟಿ ಮಷೀನಿನ ಮೇಲೇ ಕುಸಿದೆ. ಎಚ್ಚರವಾದಾಗ ಅತ್ತೆ ನನ್ನ ತುಟಿ ಬಿಡಿಸಿ ಒಸಡಿಗೆ ಸಕ್ಕರೆ ತಿಕ್ಕುತ್ತಿದ್ದರು.

ಶಿಗ್ಗಾಂವದ ಡಾಕ್ಟರಿಗೆ ಆಗ ಎಲ್ಲ ಹೇಳಲೇಬೇಕಾಯಿತು. ಚೆನ್ನಾಗಿ ಬೈದು ಗುಳಿಗೆ ಕಡಿಮೆ ಮಾಡಿದರು. ಕಣ್ಣು ಹೇಗಿದೆ ಎಂದರು. ಬಲಗಣ್ಣಿನ ಮುಂದೆ ಕರಿ ದಾರದಂಥದ್ದೊಂದು ತೇಲುತ್ತಿದೆ ಎಂದೆ. ಹೊಲಿಯುವಾಗ ಚಸ್ಮಕ್ಕೆ ಅಂಟಿದ ನಿಜವಾದ ದಾರವೇ ಇರಬೇಕೆಂದು ನಾನದನ್ನು ಸೆರಗಿನಿಂದ ಒರೆಸುತ್ತಲೇ ಇದ್ದೆ. ಅದನ್ನು ಕೇಳಿ ಅವರು ಬೈಯುವುದನ್ನು ನಿಲ್ಲಿಸಿದರು. ಮರುದಿನವೇ ಮನೆಯವರು ಲಾರಿ ಬಿಟ್ಟು, ನನ್ನನ್ನು ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದರು.

ಅಲ್ಲಿದ್ದವರು ಒಬ್ಬ ಲೇಡಿ ಡಾಕ್ಟರು. ಕಣ್ಣಿಗೆ ಔಷಧಿ ಹಾಕಿ, ಬಹಳ ಹೊತ್ತು ನೋಡಿ, ಒಳಗೆ ರಕ್ತ ಸೋರಿದೆ ಎಂದರು. ಕಾಯಿಲೆ ವರ್ಷಗಳಿಂದ ಒಳಗೊಳಗೇ ಕಣ್ಣನ್ನು ಕೆಡಿಸಿದೆ; ಹಾಗೆ ಕೆಟ್ಟ ಕಣ್ಣು, ಸಕ್ಕರೆ ಒಮ್ಮೆಲೇ ಇಳಿದರೆ ಕೆಲವರಿಗೆ ಇನ್ನಷ್ಟು ಕೆಡುವುದೂ ಉಂಟು. ನನ್ನದು ಹೇಗಿದ್ದರೂ ಕೆಡುವುದಿತ್ತೋ, ನಾನೇ ಕೆಡಿಸಿಕೊಂಡೆನೋ ಅವರಿಗೂ ಹೇಳಲಾಗಲಿಲ್ಲ.

"ಕಣ್ಣ ಉಳಿಸ್ಕೊಳ್ಳಾಕ ಅಂತನ ಇದನ್ನ ಮಾಡಿದ್ನಿರಿ," ಎಂದೆ.

"ಉಳಿದದ್ದನ್ನ ಕಾಯ್ಕೊಳ್ಳೋಣ್ರಿ. ಹೋದದ್ದು ಬರ್ತೈತಿ ಅಂತ ನಾ ಹೇಳೂದಿಲ್ಲ," ಎಂದರು ಅವರು, ಮೆಲ್ಲಗೆ.

ಲೇಸರ್ ಮಾಡಿಸಿಕೊಂಡು ಬಂದೆ. ಸಿಟ್ಟು ಬಂದರೆ ಊರು ಕೇಳುವ ಹಾಗೆ ಜಗಳಾಡುವವಳು ನಾನು. ಈಗ ಯಾರ ಜೊತೆ ಜಗಳಾಡಲಿ? ಫೋನಿನವನು ಇನ್ನೂ ಹೊಳೆಯುವ ಮುಖ ಹೊತ್ತು ಮಾತಾಡುತ್ತಲೇ ಇದ್ದಾನೆ. ಅಷ್ಟರಲ್ಲಿ ಶ್ರಾವಣ ಬಂತು. ಹಿತ್ತಲ ಒಲೆ ಆರಿತು, ನಾನು ಸ್ನಾನ ಮಾಡಿ ಒಳಗೆ ಬಂದೆ. ಆಮೇಲೆ ಆ ಒಲೆಗೆ ಹೋಗುವ ಧೈರ್ಯವೂ ಉಳಿಯಲಿಲ್ಲ, ಆಸೆಯೂ ಉಳಿಯಲಿಲ್ಲ. ತೂಕ ಹೋದ ದಾರಿಯಲ್ಲೇ ತಿರುಗಿ ಬಂತು. ಸಕ್ಕರೆಯೂ ಏರಿತು. ಬಲಗಣ್ಣಿನಲ್ಲಿ ಈಗ ಹೊಗೆ ತುಂಬಿದ ಹಾಗಿದೆ. ಜಂಪರಿನ ಕೊರಳಿಗೆ ಕೈಹೊಲಿಗೆ ಹಾಕಲಾಗದೆ ಗಿರಾಕಿಗಳನ್ನು ಬೇರೆ ಕಡೆ ಕಳಿಸುತ್ತೇನೆ. ಸೀರೆಗೆ ಫಾಲ್ ಹಚ್ಚುವಂಥ ನೇರ ಹೊಲಿಗೆಯಷ್ಟೇ ಸಾಗುತ್ತದೆ. ಎಡಗಣ್ಣು ಎಷ್ಟು ದಿನವೋ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಮೊದಲು ಅದೊಂದನ್ನೇ ತೆರೆದು ಗೋಡೆ ನೋಡುತ್ತೇನೆ.

ಮೊನ್ನೆ ಮಧ್ಯಾಹ್ನ ಅತ್ತೆ ತಾಟು ತಂದು ನನ್ನ ಮುಂದಿಟ್ಟರು. ಇಟ್ಟು, ಎಂದೂ ಇಲ್ಲದ್ದು, ಪಕ್ಕದಲ್ಲೇ ಕುಳಿತರು.

"ನಡಕ ರೊಟ್ಟಿ ಐತಿ. ಬಲಕ್ಕ ಪಲ್ಯಾ, ಎಡಕ್ಕ ಮಸರಿನ ಬಟ್ಟಲಾ. ಸಾವಕಾಶ ಉಣ್ಣವಾ," ಎಂದರು.

ಎಡಗಣ್ಣಿಗೆ ಅದೆಲ್ಲ ಕಾಣುತ್ತಿತ್ತು. ಸಜ್ಜೆ ರೊಟ್ಟಿಗೆ ಹಚ್ಚಿದ ಎಳ್ಳು ಕೂಡ ಕಾಣುತ್ತಿತ್ತು. ನನಗಿನ್ನೂ ಕಾಣುತ್ತದೆ ಎಂದು ಹೇಳಲು ಬಾಯಿ ತೆರೆದೆ. ಅವರು ತಾಟನ್ನೇ ದಿಟ್ಟಿಸುತ್ತ, ಹೇಳಿದ್ದು ಸರಿಹೋಯಿತೋ ಇಲ್ಲವೋ ಎಂಬಂತೆ ತುಟಿಯಲ್ಲೇ ಮತ್ತೊಮ್ಮೆ ಅಂದುಕೊಳ್ಳುತ್ತಿದ್ದರು. ನಾನು ಕುರುಡಿಯಾಗುವ ದಿನಕ್ಕೆ ಅವರು ಈಗಲೇ ರೂಢಿ ಮಾಡಿಕೊಳ್ಳುತ್ತಿದ್ದರು. ತಾಟಿನಿಂದ ಕಣ್ಣು ತೆಗೆದು, ಅವರು ಹೇಳಿದ ಕಡೆಗೇ ಕೈ ಚಾಚಿದೆ.