ಮಾರಿಸ್ ಕಾರಿಗೆ ಮೈ ಕೊಟ್ಟ ಮುನಿರತ್ನಮ್ಮ

ಹೊಸಕೋಟೆಯ ಹಳೇ ಮದ್ರಾಸ್ ರಸ್ತೆಗೆ ಹಾಲಿನ ವ್ಯಾನು ಬರುವ ಮೊದಲೇ ಸುತ್ತಿಗೆಯ ಸದ್ದು ಏಳುತ್ತದೆ. ಆದಿನಾರಾಯಣಪ್ಪನವರ ಗ್ಯಾರೇಜಿನ ಮುಂದೆ, ಮರಳು ತುಂಬಿದ ಗೋಣಿಚೀಲದ ಮೇಲೆ ಲಾರಿಯ ಮಡ್‌ಗಾರ್ಡ್ ಇಟ್ಟುಕೊಂಡು ನಲವತ್ತು ದಾಟಿದ ಹೆಂಗಸೊಬ್ಬರು ಬಡಿಯುತ್ತಿದ್ದಾರೆ. ಸೀರೆಯ ಮೇಲೆ ಗಂಡನ ಹಳೇ ಅಂಗಿ. ಎರಡು ಏಟು, ಅಂಗೈಯಿಂದ ಒಮ್ಮೆ ಸವರುವುದು, ಮತ್ತೆ ಏಟು. ಇವರು ಮುನಿರತ್ನಮ್ಮ, ಟಿಂಕರ್. ನುಗ್ಗಾದ ಗಾಡಿಗಳ ತಗಡನ್ನು ಸರಿಮಾಡುವುದು ಇವರ ಕಸುಬು.

"ಏನಪ್ಪಾ, ಪೇಪರ್ನೋರಾ?" ಎಂದು ಗಟ್ಟಿಯಾಗಿ ಕೇಳುತ್ತಾರೆ. ಸುತ್ತಿಗೆಯ ಸದ್ದು ಅವರ ಎಡಗಿವಿಯನ್ನು ತಿಂದುಹಾಕಿದೆ. "ಹೋದ್ಸಲ ಬಂದೋರು ಕಾರಿಂದು ಫೋಟೋ ತಗೊಂಡ್ರು. ನನ್ನ ಪಕ್ಕಕ್ಕೆ ಸರೀರಿ ಅಂದ್ರು."

ಆ ಕಾರಿನ ಕಥೆಯನ್ನು ಹೇಳಲೇಬೇಕು.

ಸಮೇತನಹಳ್ಳಿಯ ಕೊಟ್ಟಿಗೆಯೊಂದರಲ್ಲಿ ಐವತ್ತರ ದಶಕದ ಮಾರಿಸ್ ಮೈನರ್ ಕಾರು ವರ್ಷಗಟ್ಟಲೆ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ತಳದ ತಗಡು ತುಕ್ಕು ಹಿಡಿದು ಉದುರಿ ನೆಲ ಕಾಣುತ್ತಿತ್ತು. ಬೆಂಗಳೂರಿನ ಸಿರಿವಂತ ನಂದಕುಮಾರ್ ಅದನ್ನು ಕೊಂಡು, ತೊಂಬತ್ಮೂರರ ಬೇಸಿಗೆಯಲ್ಲಿ ಟ್ರ್ಯಾಕ್ಟರಿಗೆ ಕಟ್ಟಿ ಇಲ್ಲಿಗೆ ಎಳೆಸಿದರು. ನಗರದ ಗ್ಯಾರೇಜುಗಳು ಗುಜರಿಗೆ ಹಾಕಿ ಎಂದು ಕೈತೊಳೆದುಕೊಂಡಿದ್ದವು.

ಇಂಜಿನ್ ಕೆಲಸ ಗಂಡ ಆದಿನಾರಾಯಣಪ್ಪನವರದು, ಕಾರಿನ ಮೈ ಕಟ್ಟುವ ಕೆಲಸ ಹೆಂಡತಿಯದು. ಬೂದಿಗೆರೆಯಲ್ಲಿ ಮುನಿರತ್ನಮ್ಮನ ತಂದೆ ತಗಡಿನ ಟ್ರಂಕು ಮಾಡುತ್ತಿದ್ದರು. ಅವುಗಳ ಮುಚ್ಚಳ ಬಡಿದೇ ಬೆಳೆದ ಕೈ ಇದು. ಹಳೇ ಡ್ರಮ್ಮಿನ ತಗಡು ಕತ್ತರಿಸಿ ಕಾರಿಗೆ ಹೊಸ ತಳ ಕೂರಿಸಿದರು. ಕರಗಿಹೋಗಿದ್ದ ಬಾಗಿಲಿನ ಅಂಚನ್ನು ಬೆರಳಗಲ ಬೆರಳಗಲವಾಗಿ ಕಟ್ಟಿದರು. ವೆಲ್ಡಿಂಗ್ ಬೆಳಕಿಗೆ ಕಣ್ಣುರಿದು ಎಷ್ಟೋ ದಿನ ಒಲೆ ಮುಂದೆ ಕೂರಲಾಗುತ್ತಿರಲಿಲ್ಲ. ಗಂಡನೇ ಮುದ್ದೆ ತಿರುವಿದರು.

"ನಮ್ಮನೆಯೋರು ಮುಂದ್ಗಡೆ ಹ್ಯಾಂಡಲ್ ತಿರುವಿದ್ರೆ ಕಾರು ಮೊದ್ಲು ಕೆಮ್ತು. ಗುಪ್ಪಂತ ಹೊಗೆ ಬಿಟ್ಟು ನಿಂತೇಹೋಯ್ತು. ಇನ್ನೊಂದ್ಸಲ ತಿರುವಿದ್ರು ನೋಡಪ್ಪಾ, ಗುಡುಗುಡು ಅಂತ ಶುರುವಾಯ್ತು! ನಾನು ಬಾನೆಟ್ ಮೇಲೆ ಕೈ ಇಟ್ಕೊಂಡು ಅತ್ಬಿಟ್ಟೆ."

ಬೆಂಗಳೂರಿನಲ್ಲಿ ಆ ಕಾರಿಗೆ ಬಣ್ಣ ಹೊಡೆದರು. ಬಣ್ಣ ಮಾತ್ರ. ಆಮೇಲೆ ಅಲ್ಲೇ ಹಳೇ ಕಾರುಗಳ ಮೆರವಣಿಗೆ. ಹೊಸಕೋಟೆಗೆ ಬಂದು ಆದಿನಾರಾಯಣಪ್ಪನವರನ್ನು ಆ ಕಾರಿನಲ್ಲೇ ಕರೆದೊಯ್ದ ನಂದಕುಮಾರ್, ಮುನಿರತ್ನಮ್ಮನಿಗೆ ಹೇಳಿದ್ದು: "ಸೀಟು ಹೊಸದಮ್ಮ, ನೀವು ಬಸ್ಸಲ್ಲಿ ಬನ್ನಿ." ಆ ಸೀಟಿನ ಕೆಳಗಿನ ನೆಲವನ್ನು ಕಟ್ಟಿದ್ದು ಯಾರು?

ಅತಿ ಅಂದದ ಬಾಡಿ ಎಂಬ ಬಹುಮಾನ ಮಾರಿಸ್‌ಗೇ ಬಂತು. ಮೈಕಿನಲ್ಲಿ ಕೇಳಿಸಿದ್ದು ಬಣ್ಣ ಹೊಡೆದ ಗ್ಯಾರೇಜಿನ ಹೆಸರು. ಆದಿನಾರಾಯಣಪ್ಪ ತಡೆಯಲಾರದೆ ವೇದಿಕೆಯ ಹತ್ತಿರ ಹೋಗಿ, "ಸಾರ್, ಅದು ನಮ್ಮನೆಯವ್ಳು ಮಾಡಿದ್ದು" ಎಂದರು. ಮೇಲಿದ್ದ ಒಬ್ಬರು ಕೇಳಿದರು: "ತಗಡು ತಟ್ಟಿದಳೋ, ರೊಟ್ಟಿ ತಟ್ಟಿದಳೋ?" ವೇದಿಕೆಯೆಲ್ಲ ನಕ್ಕಿತು. ಜನರ ನಡುವೆ ನಿಂತಿದ್ದ ಮುನಿರತ್ನಮ್ಮನ ಬಲಗಿವಿಗೆ ಅದು ಚೆನ್ನಾಗಿಯೇ ಕೇಳಿಸಿತು. ನಂದಕುಮಾರ್ ಬಹುಮಾನ ಹಿಡಿದು ಫೋಟೋಗೆ ನಿಂತರು. ಮರುದಿನ ಪತ್ರಿಕೆಗಳಲ್ಲಿ ಕಾರು ಬಂತು, ಮಾಲೀಕರು ಬಂದರು. ಆ ನಗುವಿಗೆ ನಾಚಿಕೆಪಟ್ಟವರ ಸುದ್ದಿ ಎಲ್ಲೂ ಬರಲಿಲ್ಲ.

ಕೆಲವು ತಿಂಗಳ ನಂತರ ಅದೇ ನಂದಕುಮಾರ್ ಇನ್ನೊಂದು ಹಳೇ ಕಾರು ತಂದು ನಿಲ್ಲಿಸಿದರು.

"ನನ್ನ ಹೆಸರು ಹೇಳ್ತೀರಾ ಸಾರ್?" ಎಂದು ಮುನಿರತ್ನಮ್ಮ ಕೇಳಿದರು.

"ಹೆಂಗಸರು ಮಾಡಿದ್ದು ಅಂದ್ರೆ ಕಾರಿಗೆ ಬೆಲೆ ಇರಲ್ಲಮ್ಮ."

"ಹಂಗಾದ್ರೆ ತಗೊಂಡ್ಹೋಗಿ. ಇದನ್ನ ನಾನು ಮುಟ್ಟಲ್ಲ."

ನಂದಕುಮಾರ್ ಗಂಡನ ಕಡೆ ತಿರುಗಿದರು. "ಅವ್ಳು ಬೇಡ ಅಂದ್ಮೇಲೆ ಬೇಡ ಸಾರ್" ಎಂದು ಆದಿನಾರಾಯಣಪ್ಪ ಸ್ಪ್ಯಾನರ್ ಕೆಳಗಿಟ್ಟರು.

ಅಂದಿನಿಂದ ಇಲ್ಲಿಗೆ ಹಳೇ ಕಾರು ಬರುವುದು ನಿಂತಿದೆ. ಸಿರಿವಂತರ ನಡುವೆ ಮಾತು ಹಬ್ಬಿದೆ. ಈಗ ಲಾರಿ, ಟೆಂಪೋಗಳೇ ಗತಿ. ತನ್ನ ಕೆಲಸಕ್ಕೆ ತನ್ನ ಹೆಸರು ಕೇಳಿದ್ದಕ್ಕೆ ಇದು ಶಿಕ್ಷೆ! ಆದರೂ ಮುನಿರತ್ನಮ್ಮನಿಗೆ ಪಶ್ಚಾತ್ತಾಪವಿಲ್ಲ.

ಮಾತು ಮುಗಿಯುವ ಹೊತ್ತಿಗೆ ಬೋರ್ಡು ಬರೆಯುವ ಗಂಗಣ್ಣ ಬಣ್ಣದ ಡಬ್ಬಿ ಹಿಡಿದು ಬರುತ್ತಾರೆ. ಗ್ಯಾರೇಜಿನ ಬೋರ್ಡಿಗೆ ಹೆಂಡತಿಯ ಹೆಸರು ಸೇರಿಸಬೇಕೆಂಬುದು ಆದಿನಾರಾಯಣಪ್ಪನವರ ಹಟ.

"ಅಕ್ಕಾ, ಅಣ್ಣನ ಹೆಸರಿನ ಕೆಳಗೆ ಸಣ್ಣಕ್ಕೆ ಬರೀಲಾ?" ಎನ್ನುತ್ತಾರೆ ಗಂಗಣ್ಣ.

ಮುನಿರತ್ನಮ್ಮ ಸುತ್ತಿಗೆ ನಿಲ್ಲಿಸಿ ತಲೆಯೆತ್ತುತ್ತಾರೆ.

"ಪಕ್ಕದಲ್ಲೇ ಬರಿ. ದಪ್ಪಕ್ಕೆ ಬರಿ. ಬಸ್ಸಲ್ಲಿ ಹೋಗೋರಿಗೂ ಕಾಣ್ಬೇಕು."