ಮೋಡೆಮ್ಮಿನ ಹಿಂದಿನ ತೂತು

ಶಿಡ್ಲಘಟ್ಟದಲ್ಲಿ ನಮ್ಮದೊಂದು ಫಿಲೇಚರ್ ಇತ್ತು, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡು. ಜೀವಮಾನವೆಲ್ಲ ಆ ಹಬೆ ಕುಡಿದ ಅಪ್ಪನಿಗೆ ಉಬ್ಬಸ ಹಿಡಿಯಿತು. ಇನ್ನು ಅಲ್ಲಿಗೆ ಕಾಲಿಟ್ಟರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಗದರಿದ ಮೇಲೆ ಚಿಂತಾಮಣಿಯ ಅಕ್ಕನ ಮನೆಯಲ್ಲಿ ಇರಿಸಿದೆವು. ಅಪ್ಪ ಹೂಂ ಅಂದರು. ಮೂರನೇ ದಿನ ಬಸ್ಸು ಹತ್ತಿ ಬಂದು ಒಲೆಯ ಪಕ್ಕ ಕೂತಿದ್ದರು.

ಅವರನ್ನು ಮತ್ತೆ ಅಕ್ಕನ ಮನೆಗೆ ಕಳಿಸಿ, ಅಲ್ಲಿಂದಲೇ ಕಂಪ್ಯೂಟರಿನಲ್ಲಿ ನೋಡಿಕೊಳ್ಳಲಿ ಎಂದು ನಾನು ಶೆಡ್ಡಿಗೆ ಕ್ಯಾಮೆರಾ ಹಾಕಿಸಿದೆ. ಚಿತ್ರ ಬರಲೇ ಇಲ್ಲ. ಫೋನಿನವರು ಕೊಟ್ಟ ಮೋಡೆಮ್ಮು, ನಾನು ಕೊಂಡ ರೂಟರು, ಎರಡೂ ಒಳಗಿನ ವಿಳಾಸ ಮುಚ್ಚಿಡುವ ನ್ಯಾಟ್ ಕೆಲಸಕ್ಕೆ ನಿಂತಿದ್ದವು. ಅಕ್ಕನ ಮನೆಯಿಂದ ಕರೆದರೆ ಮೋಡೆಮ್ಮೇ ಬಾಗಿಲಲ್ಲಿ ತಡೆದು ವಾಪಸ್ಸು ಕಳಿಸುತ್ತಿತ್ತು. ಮೂರು ಭಾನುವಾರ ತಲೆ ಕೆಡಿಸಿಕೊಂಡು ಅದರ ನ್ಯಾಟ್ ತೆಗೆದೆ, ಬ್ರಿಡ್ಜ್ ಮೋಡ್‌ಗೆ ಹಾಕಿದೆ. ಬರೀ ಲೈನ್ ದಾಟಿಸುವುದು ಅದರ ಕೆಲಸ, ಉಳಿದದ್ದೆಲ್ಲ ರೂಟರಿಗೆ. ಕೊನೆಗೂ ಚಿತ್ರ ಬಂತು.

ಲೈನ್‌ಮನ್ ಬಿಡಬೇಕಲ್ಲ. ಎಂಥ ದೂರಿಗೂ ಆತನ ಬಳಿ ಒಂದೇ ಮದ್ದು. ಜೇಬಿನಿಂದ ಗುಂಡುಸೂಜಿ ತೆಗೆದು ಮೋಡೆಮ್ಮಿನ ಹಿಂದಿನ ತೂತಿಗೆ ಚುಚ್ಚುವುದು. ಚುಚ್ಚಿದರೆ ಎಲ್ಲ ಮೊದಲಿನಂತೆ, ನನ್ನ ಮೂರು ಭಾನುವಾರ ನೀರಲ್ಲಿ ಹೋಮ. ಬೀದಿಯಲ್ಲಿ ಇನ್ಯಾರದೋ ದೂರಿಗೆ ಬಂದವನು, ನಾನಿಲ್ಲದಾಗ ನಮ್ಮದಕ್ಕೂ ಚುಚ್ಚಿ ಹೋಗಿದ್ದ. ಸಿಟ್ಟಿಗೆ ಅಪ್ಪನಿಗೇ ಫೋನ್ ಮಾಡಿದೆ.

"ಆ ಮನುಷ್ಯ ಸೂಜಿ ಚುಚ್ಚಿದ್ರೆ ಮುಗೀತಪ್ಪ, ನಾನು ಮಾಡಿದ್ದೆಲ್ಲ ಅಳಿಸಿ ಹೋಗುತ್ತೆ."

"ಹೌದಾ? ಚಿತ್ರ ಬರಲ್ಲ ಅಂದ್ಮೇಲೆ ನಾನೇ ಬಂದು ನೋಡ್ಕೋತೀನಿ ಬಿಡು," ಎಂದರು ಅಪ್ಪ. ಬಂದೂಬಿಟ್ಟರು.

ಅವರನ್ನು ವಾಪಸ್ಸು ಕಳಿಸಿ ಮತ್ತೆ ಬ್ರಿಡ್ಜ್ ಮಾಡಿದೆ. ಹದಿನೈದು ದಿನಕ್ಕೆ ಮತ್ತೆ ಸೂಜಿ, ಮತ್ತೆ ಬಸ್ಸು, ಮತ್ತೆ ಉಬ್ಬಸ. ಮೂರನೇ ಸಲ ನನಗೆ ಮೈಯೆಲ್ಲ ಉರಿದುಹೋಯಿತು. ಟೆಲಿಫೋನ್ ಆಫೀಸಿಗೆ ನುಗ್ಗಿ, ಕರೆಯದೆ ಶೆಡ್ಡಿಗೆ ಬರಲು ನಿಮಗೇನು ಹಕ್ಕಿದೆ ಎಂದು ಎಗರಾಡಿದೆ. ಗುಮಾಸ್ತರು ದೂರಿನ ಪುಸ್ತಕವನ್ನು ನನ್ನತ್ತ ತಿರುಗಿಸಿದರು. ನಮ್ಮ ಲೈನ್ ಸರಿಯಿಲ್ಲವೆಂದು ಎರಡನೇ ಸಲವೂ ಮೂರನೇ ಸಲವೂ ದೂರು ಬಂದಿತ್ತು, ಚಿಂತಾಮಣಿಯ ಅಕ್ಕನ ಮನೆಯ ನಂಬರಿನಿಂದ.

ಶೆಡ್ಡಿಗೆ ಬಂದೆ. ಅಪ್ಪ ಆಗಲೇ ಬಂದು ಕೂತು, ಬಿಸಿನೀರಿಗೆ ಕೈಯಿಳಿಸಿ ಗೂಡಿನ ಎಳೆ ಹುಡುಕುತ್ತಿದ್ದರು.

"ಫೋನ್ ಮಾಡಿದ್ದು ನೀವೇನಾ?"

"ಆ ಚಿತ್ರದೊಳಗೆ ಕೈ ಹಾಕಕ್ಕಾಗಲ್ಲ ಕಣಪ್ಪ."

ಕೆಲಸದವರ ಮುಂದೆಯೇ ಕೂಗಾಡಿಬಿಟ್ಟೆ. ಹುಟ್ಟಿದಾಗಿನಿಂದ ಅಪ್ಪನ ಮುಂದೆ ದನಿ ಎತ್ತಿದವನಲ್ಲ. ಅವರಿಗೆ ಕೆಮ್ಮು ಒತ್ತರಿಸಿ ಬಂತು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಕೈಯನ್ನು ಮಾತ್ರ ನೀರಿನಿಂದ ತೆಗೆಯಲಿಲ್ಲ.